2,999 ರೂಪಾಯಿಯ ಲಾ ಫರ್ಮ್ ಕಿಟ್, 60 ರೂಪಾಯಿಯ ಡಿಟಿಪಿ ಅಂಗಡಿ: ಎರಡನ್ನೂ ಬಳಸಿ ನೋಡಿದ ಮೇಲೆ

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯಿಂದ ಮಂಗಳೂರಿಗೆ ಲಾ ಓದಲು ಹೋಗುವ ತಂಗಿ ತಮ್ಮಂದಿರು ಈ ವರ್ಷವೂ ಅದನ್ನೇ ಕೇಳುತ್ತಿದ್ದಾರೆ. “ಅಕ್ಕಾ, ಲಾ ಫರ್ಮಿಗೆ ಅಪ್ಲೈ ಮಾಡ್ಲಿಕ್ಕೆ ಆನ್‌ಲೈನ್‌ನಲ್ಲಿ ಒಂದು ಕಿಟ್ ಸಿಗ್ತದಲ್ಲ, ಅದು ತೆಗೊಳ್ಳುದಾ?” ಅಂಥ ಒಂದು ಕಿಟ್ಟನ್ನು ನಾನು ಮೂರನೇ ವರ್ಷದಲ್ಲಿ 2,999 ರೂಪಾಯಿ ಕೊಟ್ಟು ತೆಗೆದುಕೊಂಡಿದ್ದೆ. ಈಗ ಕೊನೆಯ ವರ್ಷ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಸಲ ಬರೆದುಬಿಡುತ್ತೇನೆ. ಮಾರಿದವರ ಹೆಸರು ಹಾಕುವುದಿಲ್ಲ. ಗೆಳತಿಯರು ತೆಗೆದುಕೊಂಡ ಇನ್ನೆರಡು ಕಿಟ್ಟುಗಳನ್ನೂ ನೋಡಿದ್ದೇನೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ನನ್ನ ಉತ್ತರ: ಬೇಡ. ಆ ದುಡ್ಡನ್ನು ಬೆಂಗಳೂರಿನ ಪಿಜಿ ಅಡ್ವಾನ್ಸಿಗೆ ಇಟ್ಟುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಕಿಟ್ಟಿನಲ್ಲಿ ಸಿಕ್ಕಿದ್ದು ಇಷ್ಟು. ರೆಸ್ಯೂಮೆಯ ಮೂರು ಮಾದರಿ, ಕವರ್ ಲೆಟರಿನ ಹತ್ತು ಮಾದರಿ, ಫರ್ಮುಗಳ ಇಮೇಲ್ ವಿಳಾಸಗಳ ಒಂದು ಎಕ್ಸೆಲ್ ಶೀಟು, ಇಂಟರ್‌ವ್ಯೂ ಪ್ರಶ್ನೆಗಳ ಒಂದು ಪಿಡಿಎಫ್, 45 ನಿಮಿಷದ ಒಂದು ಫೋನ್ ಕಾಲ್, ಮತ್ತೆ ನಮ್ಮ ರೆಸ್ಯೂಮೆಯನ್ನು ಅವರು ಒಂದು ಸಲ ತಿದ್ದಿ ಕೊಡುವುದು. ಒಳ್ಳೆಯದನ್ನೂ ಹೇಳಬೇಕು. ರೆಸ್ಯೂಮೆ ಒಂದೇ ಪುಟದಲ್ಲಿ ಇರಬೇಕು, ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲಿ ಯಾವ ತಿಂಗಳು, ಯಾವ ಊರಿನ ಆಫೀಸು, ಎಷ್ಟನೇ ವರ್ಷ ಅಂತ ಹಾಕಬೇಕು, ಇದು ನನಗೆ ಮೊದಲು ಗೊತ್ತಿರಲಿಲ್ಲ. ಅಲ್ಲಿಂದಲೇ ಕಲಿತೆ. ಅದಕ್ಕೆ 5ರಲ್ಲಿ 2 ಕೊಡುತ್ತೇನೆ. ಇಮೇಲ್ ಶೀಟಿನಿಂದ ಏನೂ ಪ್ರಯೋಜನ ಆಗಲಿಲ್ಲ. ಕಳಿಸಿದ ಎಷ್ಟೋ ಮೇಲ್‌ಗಳು ಹಾಗೇ ವಾಪಸ್ ಬಂದವು. ಫರ್ಮುಗಳ ಸ್ವಂತ ವೆಬ್‌ಸೈಟಿನಲ್ಲಿ ಕೆರಿಯರ್ಸ್ ಅಂತ ಒಂದು ಪುಟ ಇರುತ್ತದೆ, ಅಲ್ಲಿ ಫಾರ್ಮ್ ಇದ್ದರೆ ಫಾರ್ಮ್ ತುಂಬಬೇಕು, ವಿಳಾಸ ಇದ್ದರೆ ಅದಕ್ಕೇ ಬರೆಯಬೇಕು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಇನ್ನು ತಿದ್ದಿ ಕೊಟ್ಟ ವಿಷಯ. ನನಗೆ ಇವತ್ತಿಗೂ ಬೇಜಾರಾಗುವುದು ಅಲ್ಲೇ. ನಾನು ಕಳಿಸಿದ ರೆಸ್ಯೂಮೆಯಲ್ಲಿ ಮೂರು ಸಾಲಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಒಂದು, ಕನ್ನಡ ಮೀಡಿಯಂ ಶಾಲೆಯ ಹೆಸರು. ಎರಡು, ಕನ್ನಡ, ತುಳು, ಮಲಯಾಳ ಬರುತ್ತದೆ ಎಂಬ ಸಾಲು. ಮೂರು, ಕಾಸರಗೋಡಿನ ಒಬ್ಬ ವಕೀಲರ ಆಫೀಸಿನಲ್ಲಿ ಮಾಡಿದ 4 ವಾರದ ಇಂಟರ್ನ್‌ಶಿಪ್. ಕಾರ್ಪೊರೇಟ್ ಫರ್ಮಿಗೆ ಇದೆಲ್ಲ ಬೇಡ ಅಂತ ಪಕ್ಕದಲ್ಲಿ ಬರೆದಿದ್ದರು. ಆ ಜಾಗದಲ್ಲಿ ಟೀಮ್ ಪ್ಲೇಯರ್, ಲೀಡರ್‌ಶಿಪ್, ಅನಾಲಿಟಿಕಲ್ ಥಿಂಕಿಂಗ್ ಅಂತ ಸೇರಿಸಿಕೊಟ್ಟರು. ನಾನು ನಂಬಿದೆ. ಅದೇ ರೆಸ್ಯೂಮೆಯನ್ನು 40 ಕಡೆ ಕಳಿಸಿದೆ. ಉತ್ತರ ಬಂದದ್ದು ಎರಡು, ಎರಡೂ ಇಲ್ಲ ಎಂದು.

ಅದಾದ ಮೇಲೆ ಒಂದು ದಿನ ವಿದ್ಯಾನಗರದಲ್ಲಿ ಕೋರ್ಟಿನ ಹತ್ತಿರದ ಒಂದು ಡಿಟಿಪಿ ಅಂಗಡಿಗೆ ಪ್ರಿಂಟ್ ತೆಗೆಯಲು ಹೋಗಿದ್ದೆ. ಚಿಕ್ಕ ಅಂಗಡಿ, ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಗೋಡೆಗೆ ಒರಗಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ನಾನು ಇಂಟರ್ನ್ ಆಗಿದ್ದ ಆಫೀಸಿನ ಗುಮಾಸ್ತರು ಅಲ್ಲಿ ಅಫಿಡವಿಟ್ ಟೈಪ್ ಮಾಡಿಸುತ್ತಾ ಕೂತಿದ್ದರು. ನನ್ನ ರೆಸ್ಯೂಮೆ ಪ್ರಿಂಟರಿನಿಂದ ಹೊರಗೆ ಬಂದದ್ದೇ ಅವರು ಎತ್ತಿಕೊಂಡು ಓದಿದರು. ಕನ್ನಡಕ ಹಣೆಯ ಮೇಲೆ ಏರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದು, ಮೇಲಿಂದ ಕೆಳಗಿನವರೆಗೆ ಎರಡು ಸಲ.

“ಇದೆಂತ ಮಾರಾಯ್ತಿ? ನೀನು ಓದಿ ಕೊಟ್ಟ ಆ ಮೂಲಗೇಣಿ ಚೀಟು ಇದರಲ್ಲಿ ಎಲ್ಲಿ ಉಂಟು?”

“ಅದು ಬೇಡ ಅಂತ ಹೇಳಿದ್ರು ಅಣ್ಣ.”

“ಯಾರು ಹೇಳಿದ್ದು? ನಮ್ಮ ವಕೀಲರಿಗೇ ಆ ಅಕ್ಷರ ಓದ್ಲಿಕ್ಕೆ ಆಗ್ಲಿಲ್ಲ. ನೀನು ಓದಿದ್ದು. ಅದನ್ನೇ ತೆಗೆದು ಹಾಕಿದ್ರೆ ಇದರಲ್ಲಿ ನೀನು ಯಾರು ಅಂತ ಹೇಗೆ ಗೊತ್ತಾಗುದು?”

ಆ ಚೀಟಿನ ಕಥೆ ಹೇಳಲೇಬೇಕು. ಒಬ್ಬರು ಜಾಗ ಮಾರಲು ಹೊರಟಿದ್ದರು. ಕೊಳ್ಳುವವರ ಬ್ಯಾಂಕು ಲೀಗಲ್ ಒಪಿನಿಯನ್ ಕೇಳಿತ್ತು. ಕಾಗದಗಳ ಕಟ್ಟು ಬಿಚ್ಚಿದರೆ ಕೆಳಗೆ 1930ರ ದಶಕದ ಒಂದು ಮೂಲಗೇಣಿ ಚೀಟು, ಕೈಬರಹದ ಕನ್ನಡ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡಿದೆ, ಮಡಿಕೆಯ ಜಾಗದಲ್ಲಿ ಕಾಗದ ಹರಿದು ಒಂದು ಸಾಲು ಅರ್ಧ ಹೋಗಿದೆ. ಯಾನೆ ಅಂತ ಹಾಕಿ ಒಬ್ಬರಿಗೇ ಎರಡು ಹೆಸರು. ಚಕ್ಕುಬಂದಿಯಲ್ಲಿ ಸರ್ವೆ ಕಲ್ಲಿನ ಜೊತೆಗೆ ತೋಡು, ಹುಣಸೆ ಮರ, ಪಕ್ಕದವರ ಬೈಲು. ವರ್ಗ (ಪಟ್ಟಾ ಜಾಗ) ಯಾರದು, ಕುಮ್ಕಿ (ಅದಕ್ಕೆ ತಾಗಿದ, ಸೊಪ್ಪು ಸೌದೆಗೆ ಬಳಸುವ ಸರ್ಕಾರಿ ಜಾಗ) ಎಲ್ಲಿಯವರೆಗೆ, ಇದು ಮೂಲಗೇಣಿಯೋ ಚಾಲಗೇಣಿಯೋ, ಎಲ್ಲ ಅದರಲ್ಲೇ ಇತ್ತು. ಮೂಲಗೇಣಿ ಅಂದರೆ ಶಾಶ್ವತ ಗೇಣಿ, ಚಾಲಗೇಣಿ ಅಂದರೆ ವರ್ಷ ವರ್ಷದ ಗೇಣಿ. ಒಂದು ಪದ ತಪ್ಪಿ ಓದಿದರೆ ಹಕ್ಕೇ ಬದಲಾಗುತ್ತದೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಲ್ವಾ, ಹಾಗಾಗಿ ಇಲ್ಲಿ ಹಳೆಯ ಕಾಗದಗಳು ಬಹಳಷ್ಟು ಕನ್ನಡದವು. ಆಮೇಲೆ ಕೇರಳದ ಭೂಸುಧಾರಣೆ ಕಾಯ್ದೆ ಬಂತು, 1970ರ ಜನವರಿ 1ಕ್ಕೆ ಗೇಣಿ ಭೂಮಿಯಲ್ಲಿ ಧಣಿಗಳಿಗಿದ್ದ ಹಕ್ಕು ಸರ್ಕಾರಕ್ಕೆ ಸೇರಿತು, ಒಕ್ಕಲಿಗೆ ಲ್ಯಾಂಡ್ ಟ್ರಿಬ್ಯೂನಲ್ ಪಟ್ಟಯ (ಹಕ್ಕುಪತ್ರ) ಕೊಟ್ಟಿತು, ಆ ಪಟ್ಟಯ ಮಲಯಾಳದಲ್ಲಿ. ಅದರ ಮೇಲೆ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಕುಟುಂಬದ ಒಂದು ಪಾಲುಪಟ್ಟಿ. ಕೊನೆಗೆ ಈಗಿನ ಆಧಾರ (ರಿಜಿಸ್ಟರ್ ಆದ ಆಸ್ತಿ ಪತ್ರ), ವಿಲೇಜ್ ಆಫೀಸಿನ ತಂಡಪ್ಪೇರ್ ನಂಬರು (ಜಾಗದ ಖಾತೆ ನಂಬರು), ಕುಡಿಕ್ಕಡ (ಜಾಗದ ಮೇಲೆ ಸಾಲ ಋಣ ಉಂಟಾ ಅಂತ ತೋರಿಸುವ ಪತ್ರ). ಒಂದೇ ಜಾಗದ ಕಾಗದ, ಎರಡು ಭಾಷೆ, ಎರಡು ರಾಜ್ಯದ ಕಾಯ್ದೆ. ನಾಲ್ಕು ದಿನ ಕೂತು ನಾನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಮೂರು ಪುಟಕ್ಕೆ ಇಳಿಸಿದ್ದೆ. ಯಾರಿಂದ ಯಾರಿಗೆ, ಯಾವ ವರ್ಷ, ಎಷ್ಟು ಸೆಂಟ್ಸ್, ಎಲ್ಲಿ ಕೊಂಡಿ ಕಳಚಿದೆ. ದೊಡ್ಡ ಫರ್ಮುಗಳಲ್ಲಿ ಟೈಟಲ್ ಡ್ಯೂ ಡಿಲಿಜೆನ್ಸ್ ಅನ್ನುವುದು ಇದನ್ನೇ. ನನಗೆ ಆ ಹೆಸರು ಗೊತ್ತಿರಲಿಲ್ಲ ಅಷ್ಟೆ. ಕಿಟ್‌ನವರಿಗೆ ಹೆಸರು ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ.

ಅವತ್ತು ಆ ಅಂಗಡಿಯಲ್ಲೇ ಕೂತು ರೆಸ್ಯೂಮೆ ಮತ್ತೆ ಮಾಡಿಸಿದೆ. ಟೈಪ್ ಮಾಡುವ ಅಕ್ಕ ದಿನವಿಡೀ ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅರ್ಜಿ ಟೈಪ್ ಮಾಡುವವರು. ಅವರಷ್ಟು ಚೆನ್ನಾಗಿ ತಪ್ಪು ಹಿಡಿಯುವವರನ್ನು ನಾನು ನೋಡಿಲ್ಲ. ತಾರೀಕು ಒಂದು ಕಡೆ ಚುಕ್ಕಿ ಇಟ್ಟು, ಇನ್ನೊಂದು ಕಡೆ ಅಡ್ಡ ಗೆರೆ ಹಾಕಿ ಬರೆದಿದ್ದೆ, ಅದನ್ನು ನಾನು ಹೇಳುವ ಮೊದಲೇ ಸರಿ ಮಾಡಿದರು. ಸಾಲಿನ ಅಂತರ ಒಂದೇ ಸಮ ಮಾಡಿದರು. ಫೋಟೊ ತೆಗೆಸಿದರು. ಫೈಲಿನ ಹೆಸರು ಫೈನಲ್ 2 ಅಂತ ಇದ್ದದ್ದನ್ನು ನೋಡಿ, ನನ್ನ ಹೆಸರು ಮತ್ತು ವರ್ಷ ಹಾಕಿಸಿದರು. ಪಿಡಿಎಫ್ ಮಾಡಿದ ಮೇಲೆ ನನ್ನ ಮೊಬೈಲಿಗೆ ಕಳಿಸಿ, ತೆರೆದು ತೋರಿಸು ಅಂದರು, ಅಕ್ಷರ ಸರಿಯಾಗಿ ಕಾಣುತ್ತಾ ಅಂತ ನೋಡಲಿಕ್ಕೆ. ಎಲ್ಲ ಸೇರಿ 60 ರೂಪಾಯಿ. 5ಕ್ಕೆ 5. ಇಷ್ಟು ಕಾಳಜಿಯಿಂದ ಕೆಲಸ ಮಾಡುವವರಿಗೆ ಅರ್ಧ ಸ್ಟಾರ್ ಕೂಡ ಕಡಿಮೆ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ.

ಬದಲಾದದ್ದು ಏನು ಅಂದರೆ, ಟೀಮ್ ಪ್ಲೇಯರ್ ಹೋಯಿತು. ಅದರ ಜಾಗಕ್ಕೆ ಒಂದೇ ಸಾಲು ಬಂತು: ಕಾಸರಗೋಡಿನ ಟ್ರಯಲ್ ಕೋರ್ಟ್ ವಕೀಲರೊಬ್ಬರ ಬಳಿ 4 ವಾರ, 1930ರ ದಶಕದಿಂದ ಇಲ್ಲಿಯವರೆಗಿನ ಕನ್ನಡ ಮತ್ತು ಮಲಯಾಳ ಆಸ್ತಿ ಪತ್ರಗಳನ್ನು ಓದಿ ಇಂಗ್ಲಿಷಿನಲ್ಲಿ ಹಕ್ಕಿನ ಸರಣಿ ತಯಾರಿಸಿದೆ. ಭಾಷೆಯ ಸಾಲಿನಲ್ಲಿ ಯಾವುದನ್ನು ಓದುತ್ತೇನೆ, ಯಾವುದನ್ನು ಬರೆಯುತ್ತೇನೆ, ಯಾವುದರಲ್ಲಿ ಬರೀ ಮಾತಾಡುತ್ತೇನೆ ಅಂತ ಬೇರೆ ಬೇರೆ ಹಾಕಿದೆ. ಶಾಲೆಯ ಹೆಸರು ಮತ್ತೆ ಬಂತು.

ಇಲ್ಲಿ ಒಂದು ಎಚ್ಚರಿಕೆ. ಕಕ್ಷಿದಾರರ ಹೆಸರು, ಊರು, ಸರ್ವೆ ನಂಬರು ಯಾವುದನ್ನೂ ರೆಸ್ಯೂಮೆಗೆ ಹಾಕಬೇಡಿ, ಇಂಟರ್‌ವ್ಯೂನಲ್ಲೂ ಹೇಳಬೇಡಿ. ವಕೀಲರಿಗೆ ಕಕ್ಷಿದಾರ ಹೇಳಿದ ಮಾತು ಗುಟ್ಟು, ಆಫೀಸಿನಲ್ಲಿ ಕೆಲಸ ಮಾಡುವ ಗುಮಾಸ್ತರಿಗೂ ಅದೇ ಕಟ್ಟುಪಾಡು. ಕಿಟ್ಟಿನ ಒಂದು ಮಾದರಿಯಲ್ಲಿ ಪಾರ್ಟಿಗಳ ಹೆಸರು ಸಮೇತ ಹಾಕಿದ್ದರು. ಅದನ್ನು ನೋಡಿದ ಫರ್ಮಿನವರು ಇವಳು ನಾಳೆ ನಮ್ಮ ಕಕ್ಷಿದಾರರ ಹೆಸರನ್ನೂ ಹೀಗೇ ಹೇಳುತ್ತಾಳೆ ಅಂದುಕೊಳ್ಳುವುದಿಲ್ವಾ?

ಇನ್ನೊಂದು ವಿಷಯಕ್ಕೆ ನಿಜವಾಗಿ ಸಿಟ್ಟು ಬಂತು. ಕಿಟ್ಟಿನಲ್ಲಿ ಒಂದು ಇಡೀ ಅಧ್ಯಾಯ ಟ್ರೈನಿಂಗ್ ಕಾಂಟ್ರಾಕ್ಟ್ ಬಗ್ಗೆ ಇತ್ತು. ಎರಡು ವರ್ಷ ಮೊದಲೇ ಅಪ್ಲೈ ಮಾಡಬೇಕು, ಬೇರೆ ಬೇರೆ ವಿಭಾಗದಲ್ಲಿ ಆರಾರು ತಿಂಗಳು ಕೂರಬೇಕು ಅಂತೆಲ್ಲ. ಓದಿ ನನಗೆ ಹೆದರಿಕೆಯೇ ಆಗಿತ್ತು, ತಡ ಆಯ್ತು ಅಂತ. ಆಮೇಲೆ ಗೊತ್ತಾಯಿತು, ಅದು ಇಂಗ್ಲೆಂಡಿನ ಸಾಲಿಸಿಟರ್ ಎಂಬ ವಕೀಲರ ಪದ್ಧತಿ. ಅಲ್ಲಿ ಸಾಲಿಸಿಟರ್ ಆಗಲು ಎರಡು ವರ್ಷದ ಕೆಲಸದ ಅನುಭವ ಬೇಕು, 2021ರಿಂದ ಎಸ್‌ಕ್ಯೂಇ ಎಂಬ ಪರೀಕ್ಷೆಯೂ ಇದೆ. ನಮ್ಮಲ್ಲಿ ಹಾಗಿಲ್ಲ. ಡಿಗ್ರಿ ಆದ ಮೇಲೆ ವಕೀಲರ ಹೆಸರು ದಾಖಲಿಸುವ ರಾಜ್ಯದ ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆಗಬೇಕು, ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸ್ ಮಾಡಬೇಕು. ಎನ್‌ರೋಲ್ ಆಗುವ ಮೊದಲು ಒಂದು ವರ್ಷ ತರಬೇತಿ ಕಡ್ಡಾಯ ಮಾಡಿದ್ದ ಬಾರ್ ಕೌನ್ಸಿಲ್ ನಿಯಮವನ್ನು ಸುಪ್ರೀಂ ಕೋರ್ಟ್ 1999ರಲ್ಲೇ ರದ್ದು ಮಾಡಿದೆ. ಇಲ್ಲಿ ಟ್ರೈನಿ ಅಂತ ಫರ್ಮುಗಳು ಕರೆಯುವುದು ಅವರವರ ಲೆಕ್ಕಾಚಾರ. ಕೆಲವರು ಇಂಟರ್ನ್ ಆಗಿದ್ದವರನ್ನೇ ನೋಡಿ, ಡಿಗ್ರಿ ಮುಗಿದ ಮೇಲೆ ಬನ್ನಿ ಅನ್ನುತ್ತಾರೆ. ಅಂದಮೇಲೆ ಇಂಟರ್ನ್‌ಶಿಪ್ಪೇ ನಿಮ್ಮ ಇಂಟರ್‌ವ್ಯೂ.

ಕಡ್ಡಾಯ ಇರುವುದು ಬೇರೆ, ಅದನ್ನು ಕಿಟ್ ಹೇಳಲೇ ಇಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ 3 ವರ್ಷದ ಕೋರ್ಸಿನವರಿಗೆ ಒಟ್ಟು 12 ವಾರ, 5 ವರ್ಷದವರಿಗೆ 20 ವಾರ ಇಂಟರ್ನ್‌ಶಿಪ್ ಬೇಕು. ಯಾವ ವರ್ಷದಲ್ಲೂ ಒಂದೇ ಸಮನೆ 4 ವಾರಕ್ಕಿಂತ ಜಾಸ್ತಿ ಇಲ್ಲ. ಟ್ರಯಲ್ ಕೋರ್ಟ್ ವಕೀಲರ ಹತ್ತಿರವೂ ಮೇಲಿನ ಕೋರ್ಟ್ ವಕೀಲರ ಹತ್ತಿರವೂ ಒಮ್ಮೆಯಾದರೂ ಇದ್ದು ಬಂದಿರಬೇಕು. ಇಂಟರ್ನ್‌ಗಳನ್ನು ತೆಗೆದುಕೊಳ್ಳಲು ಒಪ್ಪುವ, ಕನಿಷ್ಠ 10 ವರ್ಷ ಅನುಭವದ ವಕೀಲರ ಪಟ್ಟಿಯನ್ನು ಜಿಲ್ಲಾವಾರು ಮಾಡಬೇಕು ಅಂತಲೂ ಅದೇ ನಿಯಮ ರಾಜ್ಯ ಬಾರ್ ಕೌನ್ಸಿಲ್‌ಗಳಿಗೆ ಹೇಳುತ್ತದೆ. ಹಾಗಾಗಿ ವಿದ್ಯಾನಗರದಲ್ಲೋ ಹೊಸದುರ್ಗದಲ್ಲೋ ಒಬ್ಬ ಒಳ್ಳೆಯ ಸಿವಿಲ್ ವಕೀಲರ ಆಫೀಸಿನಲ್ಲಿ ಕೂತ 4 ವಾರವನ್ನು ನಾಚಿಕೊಂಡು ಮುಚ್ಚಿಡುವುದು ಬೇಡ. ಮೊದಲ ಎರಡು ವರ್ಷ ಅಲ್ಲೇ ಕಲಿಯಿರಿ. ವಕಾಲತ್ತು ಹೇಗೆ ಹಾಕುತ್ತಾರೆ, ಡೈರಿ ಹೇಗೆ ಬರೆಯುತ್ತಾರೆ, ಕೇಸು ಕರೆದಾಗ ಎದ್ದು ನಿಂತು ತಾರೀಕು ಹೇಗೆ ಕೇಳುತ್ತಾರೆ, ಇದೆಲ್ಲ ಬೆಂಗಳೂರಿನ ಗಾಜಿನ ಆಫೀಸಿನಲ್ಲಿ ಸಿಗುವುದಿಲ್ಲ.

ಇಂಟರ್‌ವ್ಯೂ ಪಿಡಿಎಫ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ನಾನು ತೆಗೆದುಕೊಳ್ಳುವಾಗ ಹೊಸ ಕ್ರಿಮಿನಲ್ ಕಾಯ್ದೆಗಳು ಜಾರಿಗೆ ಬಂದಾಗಿತ್ತು, 2024ರ ಜುಲೈ 1ಕ್ಕೇ. ಅದರಲ್ಲಿ ಮಾತ್ರ ಇನ್ನೂ ಹಳೆಯ ಐಪಿಸಿಯ 420, ಸಿಆರ್‌ಪಿಸಿಯ 438 ಅಂತಲೇ ಇತ್ತು. ಈಗ ಮೋಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 318. ನಿರೀಕ್ಷಣಾ ಜಾಮೀನು ನಾಗರಿಕ ಸುರಕ್ಷಾ ಸಂಹಿತೆಯ 482. ಹಳೆಯ ಸಿಆರ್‌ಪಿಸಿಯ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ ಆಗಿತ್ತು, ಅದೀಗ 528. ಇದರಲ್ಲಿ ಎಡವುವವರು ತುಂಬಾ. ಆ ತಾರೀಕಿಗಿಂತ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಹಾಗಾಗಿ ಹಳೆಯದನ್ನು ಮರೆಯುವ ಹಾಗೂ ಇಲ್ಲ.

ಕವರ್ ಲೆಟರ್ ಮಾದರಿಗಳು ಹತ್ತಿದ್ದವು, ಹತ್ತರಲ್ಲೂ “ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯುವ ಅವಕಾಶ ಸಿಕ್ಕರೆ ಧನ್ಯ” ಎಂಬ ಅರ್ಥದ ಒಂದೇ ಸಾಲು. ಕಿಟ್ ಕೊಂಡವರೆಲ್ಲ ಅದನ್ನೇ ಕಳಿಸಿರುತ್ತಾರೆ ಅಲ್ವಾ, ಓದುವವರಿಗೆ ಎಷ್ಟು ಬೇಸರ ಆಗಿರಬೇಡ. ನಾನು ಆಮೇಲೆ ಬರೆದದ್ದು ಆರೇ ಸಾಲು. ಯಾವ ತಂಡಕ್ಕೆ ಬರಬೇಕು, ಯಾಕೆ, ಯಾವ ಕೆಲಸ ಮಾಡಿ ಗೊತ್ತಿದೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬರಬಹುದು. ಮೇ ತಿಂಗಳು ಮತ್ತು ಡಿಸೆಂಬರಿಗೆ ಎಲ್ಲರೂ ಮುಗಿಬೀಳುತ್ತಾರೆ, ದೊಡ್ಡ ಕಡೆ ಜಾಗ ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ. ನಿಮ್ಮ ಪರೀಕ್ಷೆ ಬೇರೆ ಸಮಯಕ್ಕೆ ಮುಗಿಯುವುದಾದರೆ ಅದೇ ಅನುಕೂಲ, ಆ ತಿಂಗಳನ್ನೇ ಕೇಳಿ. ತಾರೀಕು ಒಂದು ವಾರ ಆಚೆ ಈಚೆ ಆದೀತು ಅಂತ ಮೊದಲೇ ಬರೆದುಬಿಡಿ.

ಹೊಸ ರೆಸ್ಯೂಮೆಯನ್ನು ನಾನು ಕಳಿಸಿದ್ದು 11 ಕಡೆಗೆ ಮಾತ್ರ. ಎಲ್ಲ ರಿಯಲ್ ಎಸ್ಟೇಟ್ ಅಥವಾ ಬ್ಯಾಂಕಿಂಗ್ ಕೆಲಸ ಇರುವ ಫರ್ಮುಗಳು. ಮೂರು ಕಡೆಯಿಂದ ಕರೆ ಬಂತು. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಫರ್ಮಿನ ಇಂಟರ್‌ವ್ಯೂ 25 ನಿಮಿಷ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಅವರು ಕೇಳಿದ್ದು ಆ ಒಂದು ಸಾಲಿನ ಬಗ್ಗೆಯೇ. ಹರಿದ ಸಾಲನ್ನು ಹೇಗೆ ತುಂಬಿದೆ ಅಂತ ಕೇಳಿದರು. ತುಂಬಲಿಲ್ಲ, ಇಲ್ಲಿ ಓದಲಾಗುತ್ತಿಲ್ಲ ಅಂತ ಬರೆದು, ರಿಜಿಸ್ಟ್ರಾರ್ ಆಫೀಸಿನ ಪ್ರತಿ ತೆಗೆಸಬೇಕು ಅಂತ ಸೂಚಿಸಿದೆ ಅಂದೆ. ಕೇಳುತ್ತಿದ್ದ ಮೇಡಂ ಅದನ್ನು ಪಕ್ಕದಲ್ಲಿ ಬರೆದುಕೊಂಡರು. ಮತ್ತೆ ಸೆಂಟ್ಸ್ ಗುಂಟೆ ಲೆಕ್ಕ ಕೇಳಿದರು. ಎಕರೆಗೆ 100 ಸೆಂಟ್ಸ್, 40 ಗುಂಟೆ, ಅಂದರೆ ಗುಂಟೆಗೆ ಎರಡೂವರೆ ಸೆಂಟ್ಸ್. ನಮ್ಮ ಮನೆಗಳಲ್ಲಿ ಅಡಿಕೆ ತೋಟದ ಮಾತು ಬಂದಾಗಲೆಲ್ಲ ಇದೇ ಲೆಕ್ಕ ಅಲ್ವಾ. 4 ವಾರ ಅಲ್ಲಿದ್ದೆ, ಡಿಗ್ರಿ ಮುಗಿದ ಮೇಲೆ ಟ್ರೈನಿಯಾಗಿ ಬರಲು ಹೇಳಿದ್ದಾರೆ.

ಇಂಗ್ಲಿಷಿನ ಬಗ್ಗೆ ಕೇಳುವವರಿಗೆ. 45 ನಿಮಿಷದ ಆ ಕಾಲ್‌ನಲ್ಲಿ ನನಗೆ ಸಿಕ್ಕ ಮುಖ್ಯ ಸಲಹೆ, ಉಚ್ಚಾರ ಬದಲಾಯಿಸಿಕೊಳ್ಳಿ ಅಂತ. ಕನ್ನಡ ಮೀಡಿಯಂನಿಂದ ಬಂದ ಹುಡುಗಿಗೆ ಆ ಮಾತು ಎಷ್ಟು ದಿನ ಚುಚ್ಚುತ್ತದೆ ಅಂತ ಹೇಳಿದವರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಉಚ್ಚಾರ ಬದಲಾಗಿಲ್ಲ, ಇಂಟರ್‌ವ್ಯೂ ಮಾಡಿದವರು ಯಾರೂ ಅದರ ಬಗ್ಗೆ ಕೇಳಲೂ ಇಲ್ಲ. ಬರೆಯುವ ಇಂಗ್ಲಿಷ್ ಮಾತ್ರ ಸರಿ ಇರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ನಾನು ಮಾಡಿದ್ದು ಇಷ್ಟು: ಸುಪ್ರೀಂ ಕೋರ್ಟಿನ ತೀರ್ಪುಗಳು ಅದರದೇ ವೆಬ್‌ಸೈಟ್ ಇ-ಎಸ್‌ಸಿಆರ್‌ನಲ್ಲಿ 2023ರಿಂದ ಉಚಿತವಾಗಿ ಸಿಗುತ್ತವೆ, ದಿನಕ್ಕೊಂದು ಚಿಕ್ಕ ತೀರ್ಪು ಓದಿ ಅರ್ಧ ಪುಟ ಬರೆಯುವುದು. ನಡೆದದ್ದೇನು, ಪ್ರಶ್ನೆ ಏನು, ಕೋರ್ಟ್ ಏನು ಹೇಳಿತು, ಯಾಕೆ. ಮಂಗಳೂರಿನಿಂದ ಸಂಜೆ ಟ್ರೇನಿನಲ್ಲಿ ಓದಿಕೊಂಡು, ಮನೆಗೆ ಬಂದು ಬರೆಯುತ್ತಿದ್ದೆ. ಎರಡು ತಿಂಗಳು ಬಿಡದೆ ಮಾಡಿದೆ. ಒಂದು ಫರ್ಮ್ ಬರಹದ ಸ್ಯಾಂಪಲ್ ಕೇಳಿದಾಗ ಅದರಲ್ಲೇ ಒಂದನ್ನು ತಿದ್ದಿ ಕಳಿಸಿದೆ.

ದುಡ್ಡಿನ ವಿಷಯ ಕೇಳಲು ಸಂಕೋಚ ಪಡಬೇಡಿ. ಸ್ಟೈಪೆಂಡ್ ಉಂಟಾ, ಎಷ್ಟು ಅಂತ ಸೇರುವ ಮೊದಲೇ ಮೇಲ್‌ನಲ್ಲಿ ಕೇಳಿ. ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ತಿಂಗಳಿಗೆ ನಗರದಲ್ಲಿ 20,000, ಗ್ರಾಮಾಂತರದಲ್ಲಿ 15,000 ಅಂತ ಹೇಳಿದ್ದು ಜೂನಿಯರ್ ವಕೀಲರಿಗೆ, ಇಂಟರ್ನ್‌ಗಳಿಗಲ್ಲ, ಅದೂ ಶಿಫಾರಸು ಅಷ್ಟೆ. ಎನ್‌ರೋಲ್‌ಮೆಂಟಿಗೆ ಸಾವಿರಾರು ರೂಪಾಯಿ ಕಟ್ಟುವ ಕಾಲ ಮಾತ್ರ ಹೋಯಿತು. ಸಾಮಾನ್ಯ ವರ್ಗದವರಿಗೆ 750, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿಗಿಂತ ಜಾಸ್ತಿ ಎನ್‌ರೋಲ್‌ಮೆಂಟ್ ಫೀಸು ತೆಗೆದುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಕೇರಳದಲ್ಲಿ ಎನ್‌ರೋಲ್ ಆಗಬೇಕಾ, ಕರ್ನಾಟಕದಲ್ಲಾ ಅಂತ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ ಆದರೆ ದೇಶದ ಯಾವ ಕೋರ್ಟಿನಲ್ಲೂ ವಾದಿಸಬಹುದು.

ಡಿಟಿಪಿ ಅಂಗಡಿಗೆ ಹೋಗುವವರು ಬೆಳಗ್ಗೆ ಕೋರ್ಟ್ ಶುರುವಾಗುವ ಹೊತ್ತಿಗೆ ಹೋಗಬೇಡಿ, ಫೈಲ್ ಮಾಡುವವರ ಗುಂಪಿನಲ್ಲಿ ಆ ಅಕ್ಕನಿಗೆ ತಲೆ ಎತ್ತಲೂ ಬಿಡುವಿರುವುದಿಲ್ಲ. ಮಧ್ಯಾಹ್ನ ಮೂರರ ನಂತರ ಹೋಗಿ. ರೆಸ್ಯೂಮೆಯನ್ನು ಪೆನ್ ಡ್ರೈವಿನಲ್ಲಿ ವರ್ಡ್ ಫೈಲಾಗಿ ಒಯ್ಯಿರಿ. ಗುಮಾಸ್ತರು ಅಲ್ಲಿ ಕೂತಿದ್ದರೆ ಒಂದು ಪ್ರಿಂಟ್ ಅವರ ಕೈಗೂ ಕೊಡಿ.